ಜೀಪ್ ವಂಶ: ಉದ್ದ ಬೆಳೆಯಿತು, ಅಗಲ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಊರುಗಳ ನಡುವೆ 1990ರ ದಶಕದ ಆರಂಭದಲ್ಲಿ ಓಡಾಡಿದವರಿಗೆ ‘ವಡಾಪ್’ ಎಂಬ ಪದವನ್ನು ವಿವರಿಸಬೇಕಾಗಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ. ತಲೆಗೆ ಇಷ್ಟು ಎಂದು ಹಣ ಪಡೆದು, ತುಂಬಿದ ಮೇಲೆಯೇ ಹೊರಡುವ ಖಾಸಗಿ ಜೀಪಿಗೆ ಗಡಿಭಾಗದಲ್ಲಿ ಈ ಹೆಸರು. ‘ತುಂಬಿದ ಮೇಲೆ’ ಎಂದರೆ ಏನು? ಒಳಗೆ ಎದುರುಬದುರು ಬೆಂಚುಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರು, ಚಾಲಕನ ಆಚೆಗೂ ಒಬ್ಬ, ಹಿಂದಿನ ಮೆಟ್ಟಿಲ ಮೇಲೆ ನಿಂತವರು. ಸಂತೆಯ ದಿನ ಅಥವಾ ಚಿಂಚಲಿ ಮಾಯಕ್ಕನ ಜಾತ್ರೆಯ ದಿನವಾದರೆ ಟಾಪಿನ ಮೇಲೂ ಜನ. ಬಸ್ಸು ಬಾರದ ಹಳ್ಳಿಯಿಂದ ಕಾಲೇಜಿಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಬೇಕಾದವರಿಗೆ ಇದೇ ಗತಿ. ನಾನೂ ಅವರಲ್ಲಿ ಒಬ್ಬ.

1992ರ ಕಬ್ಬಿನ ಹಂಗಾಮು. ನಾನು ಬಿ.ಎಸ್ಸಿ. ವಿದ್ಯಾರ್ಥಿ. ಚಿಕ್ಕೋಡಿಗೆ ಬರುತ್ತಿದ್ದ ಒಂದು ವಡಾಪಿನ ಹಿಂಬದಿಯ ಬೆಂಚಿನಲ್ಲಿ ಕುಳಿತಿದ್ದೆ. ಟಾಪಿನ ಮೇಲೆ ನಾಲ್ಕು ಜನ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಚಾಲಕ ತಿರುವಿನಲ್ಲಿ ಎಡಕ್ಕೆ ಸರಿದು, ಮತ್ತೆ ಬಲಕ್ಕೆ ಎಳೆದ. ವೇಗವೇನೂ ಹೆಚ್ಚಿರಲಿಲ್ಲ. ಟೈರುಗಳು ಕಿರುಚಲಿಲ್ಲ, ಬ್ರೇಕಿನ ಸದ್ದೂ ಆಗಲಿಲ್ಲ. ಗಾಡಿ ನಿಧಾನವಾಗಿ, ದನ ಮಲಗುವ ಹಾಗೆ, ಪಕ್ಕಕ್ಕೆ ಒರಗಿತು. ಪುಣ್ಯಕ್ಕೆ ಪಕ್ಕದಲ್ಲಿ ಉತ್ತ ಹೊಲವಿತ್ತು. ಯಾರೂ ಸಾಯಲಿಲ್ಲ. ಟಾಪಿನ ಮೇಲಿದ್ದ ಒಬ್ಬ ಹುಡುಗನ ತೋಳು ಮುರಿಯಿತು.

ಹೊರಗೆ ಬಂದ ಮೇಲೆ ಹಿರಿಯರೊಬ್ಬರು ಚಾಲಕನನ್ನು ಬೈದರು. ಆತ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: “ಲೋಡ್ ಹೆಚ್ಚಾಗಿ ಬಿದ್ದಿಲ್ಲ ಕಾಕಾ. ಗಾಡಿ ತುಂಬಿದಷ್ಟೂ ರಸ್ತಾ ಗಟ್ಟಿ ಹಿಡಿತೈತಿ. ಖಾಲಿ ಗಾಡೀನ ಹಾರಾಡತೈತಿ.” ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಗುರುತ್ವ ಕೇಂದ್ರ ಮತ್ತು ಸ್ಥಿರ ಸಮತೋಲನದ ಪಾಠವನ್ನು ಓದಿ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆದವನು ನಾನು. ಆ ಪಾಠಕ್ಕೂ ಹೊಲದಲ್ಲಿ ಮಲಗಿದ್ದ ಜೀಪಿಗೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಈ ಲೇಖನ ಆ ಕಾಲದ ಜೀಪ್ ಕುಟುಂಬದ ಒಂದು ವಿಮರ್ಶೆ. ವಾಹನಗಳ ವಿಮರ್ಶೆ ಎಂದರೆ ಸಾಮಾನ್ಯವಾಗಿ ಮೈಲೇಜು, ಅಶ್ವಶಕ್ತಿ, ಅಂದಚಂದ. ಇಲ್ಲಿ ಅವು ಮುಖ್ಯವಲ್ಲ. ಒಂದೇ ಒಂದು ಭಾಗಾಕಾರವನ್ನು ಹಿಡಿದು ಅಮೆರಿಕದ ಜೀಪುಗಳನ್ನೂ ನಮ್ಮ ಜೀಪುಗಳನ್ನೂ ನೋಡೋಣ.

ಒಬ್ಬನೇ ಅಜ್ಜ

ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವ ಒಂದು ಗಾಡಿ ಬೇಕಾಗಿತ್ತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 1940ರಲ್ಲಿ ಮೊದಲ ಮಾದರಿಯನ್ನು ಮಾಡಿತು. 1941ರಿಂದ ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳು ಅದನ್ನು ಲಕ್ಷಗಟ್ಟಲೆ ತಯಾರಿಸಿದವು. ವಿಲ್ಲೀಸ್ ಜೀಪಿನ ಅಳತೆಗಳನ್ನು ಗಮನಿಸಿ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 80 ಇಂಚು, ಅಂದರೆ ಸುಮಾರು 2.03 ಮೀಟರ್. ಎಡ ಗಾಲಿಯಿಂದ ಬಲ ಗಾಲಿಗೆ ಸುಮಾರು 49 ಇಂಚು, ಅಂದರೆ 1.24 ಮೀಟರ್. ತೂಕ 1,100 ಕಿ.ಗ್ರಾಂ.ನ ಆಸುಪಾಸು. 2.2 ಲೀಟರ್ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ.

ಈ ಗಾಡಿ ಕಿರಿದಾಗಿರಬೇಕಿತ್ತು, ಏಕೆಂದರೆ ಕಾಡುದಾರಿಯಲ್ಲಿ ನುಸುಳಬೇಕು. ಗಿಡ್ಡವಾಗಿರಬೇಕಿತ್ತು, ಏಕೆಂದರೆ ಹಳ್ಳ-ದಿಬ್ಬ ದಾಟುವಾಗ ಹೊಟ್ಟೆ ನೆಲಕ್ಕೆ ತಾಗಬಾರದು. ನೆಲದಿಂದ ಎತ್ತರದಲ್ಲಿರಬೇಕಿತ್ತು, ಏಕೆಂದರೆ ಮುಂದಿನ ಅಚ್ಚಿಗೂ ಬಲ ಒಯ್ಯುವ ಗೇರುಪೆಟ್ಟಿಗೆಗಳು ಕೆಳಗೆ ಇರುತ್ತವೆ. ನಾಲ್ಕಾರು ಸೈನಿಕರನ್ನು ಹೊತ್ತು ಹೊಲದಲ್ಲಿ ನಿಧಾನವಾಗಿ ಸಾಗುವ ಕೆಲಸಕ್ಕೆ ಈ ಮೂರೂ ಗುಣಗಳು ಸರಿಯಾದ ಉತ್ತರಗಳು. ಎಂಜಿನಿಯರಿಂಗ್ ದೃಷ್ಟಿಯಿಂದ ಇದೊಂದು ಶ್ರೇಷ್ಠ ವಿನ್ಯಾಸ. ಇದರಲ್ಲಿ ಎರಡು ಮಾತಿಲ್ಲ.

ಯುದ್ಧದ ನಂತರ ಈ ಅಜ್ಜನ ಸಂತಾನ ಎರಡು ಮನೆಗಳಲ್ಲಿ ಬೆಳೆಯಿತು. ಅಮೆರಿಕದ ಮನೆಯ ಯಜಮಾನಿಕೆ ಕೈ ಬದಲಿಸುತ್ತ ಹೋಯಿತು: 1953ರಲ್ಲಿ ಕೈಸರ್, 1970ರಲ್ಲಿ ಅಮೆರಿಕನ್ ಮೋಟಾರ್ಸ್, 1987ರಲ್ಲಿ ಕ್ರೈಸ್ಲರ್. ಭಾರತದ ಮನೆ ಮಹೀಂದ್ರ ಕಂಪನಿಯದು. ವಿಲ್ಲೀಸ್ ಪರವಾನಗಿಯಡಿ 1949ರಲ್ಲಿ ಮುಂಬಯಿಯಲ್ಲಿ ಅದರ ಜೀಪ್ ಜೋಡಣೆ ಶುರುವಾಯಿತು.

ಅಮೆರಿಕದ ಮನೆ, 1990–93

1990ರ ದಶಕದ ಆರಂಭದಲ್ಲಿ ಕ್ರೈಸ್ಲರ್‌ನ ಜೀಪ್ ಸಾಲಿನಲ್ಲಿ ಮುಖ್ಯವಾಗಿ ಮೂರು ಗಾಡಿಗಳಿದ್ದವು. ಮೊದಲನೆಯದು ರ‍್ಯಾಂಗ್ಲರ್. ನೋಡಲು ಅಜ್ಜನ ಹಾಗೆಯೇ ಇದ್ದ ತೆರೆದ ಜೀಪು. ಅಚ್ಚುಗಳ ಅಂತರ 93.4 ಇಂಚು. ಎರಡನೆಯದು 1984ರ ಮಾದರಿಯಾಗಿ ಬಂದ ಚೆರೋಕಿ, 101.4 ಇಂಚು. ಮೂರನೆಯದು 1992ರಲ್ಲಿ ಬಂದ ಗ್ರ್ಯಾಂಡ್ ಚೆರೋಕಿ, 105.9 ಇಂಚು. ಕೊಮ್ಯಾಂಚಿ ಎಂಬ ಪಿಕಪ್ 1992ರಲ್ಲಿ ನಿಂತುಹೋಯಿತು. ಚೆರೋಕಿಯ 4 ಲೀಟರ್ ಎಂಜಿನ್ನು 1991ರಿಂದ 190 ಅಶ್ವಶಕ್ತಿ ಕೊಡುತ್ತಿತ್ತು.

ಈ ಸಾಲಿನ ಹಿಂದೆ ಒಂದು ಕಹಿ ಪಾಠವಿದೆ. ರ‍್ಯಾಂಗ್ಲರ್‌ಗಿಂತ ಮೊದಲು ಇದ್ದದ್ದು ಸಿಜೆ-5, ಸಿಜೆ-7 ಎಂಬ ಜೀಪುಗಳು. ಕೊಂಡವರು ಅವುಗಳನ್ನು ಹೊಲದಲ್ಲಿ ಓಡಿಸದೆ ಹೆದ್ದಾರಿಯಲ್ಲಿ ಓಡಿಸಿದರು. 1980ರ ಡಿಸೆಂಬರಿನಲ್ಲಿ ಅಮೆರಿಕದ ‘60 ಮಿನಿಟ್ಸ್’ ಎಂಬ ಟಿ.ವಿ. ಕಾರ್ಯಕ್ರಮ ಸಿಜೆ-5 ಪಲ್ಟಿಯಾಗುವ ಪ್ರಯೋಗವನ್ನು ದೇಶಕ್ಕೆಲ್ಲ ತೋರಿಸಿತು. ಆ ಪ್ರಯೋಗದ ವಿಧಾನದ ಬಗ್ಗೆ ತಕರಾರುಗಳೂ ಎದ್ದವು. ಆದರೆ ಪ್ರಶ್ನೆ ಜನರ ಮುಂದೆ ಬಂದಿತ್ತು. 1987ರ ಮಾದರಿಯಾಗಿ ಬಂದ ರ‍್ಯಾಂಗ್ಲರ್‌ನಲ್ಲಿ ಗಾಲಿಗಳನ್ನು ಅಗಲಕ್ಕೆ ಸರಿಸಿ, ಮೈಯನ್ನು ತಗ್ಗಿಸಲಾಯಿತು. ಚೆರೋಕಿಯಂತೂ ಪ್ರತ್ಯೇಕ ಚಾಸಿಯನ್ನೇ ಕೈಬಿಟ್ಟು, ಕಾರಿನ ಹಾಗೆ ಮೈಯನ್ನೇ ಚೌಕಟ್ಟಾಗಿ ಮಾಡಿಕೊಂಡಿತು.

ಹಾಗೆಂದು ಇವು ಕಾರಿನಷ್ಟು ಸ್ಥಿರವಾದವು ಎಂದು ತಿಳಿಯಬೇಡಿ. ಅಚ್ಚುಗಳ ಅಂತರ 110 ಇಂಚು ಅಥವಾ ಅದಕ್ಕಿಂತ ಕಡಿಮೆ ಇರುವ ಇಂತಹ ಗಾಡಿಗಳಲ್ಲಿ ಚಾಲಕನ ಕಣ್ಣಿಗೆ ಬೀಳುವಂತೆ ಎಚ್ಚರಿಕೆಯ ಚೀಟಿ ಅಂಟಿಸಬೇಕು ಎಂಬ ನಿಯಮ ಅಮೆರಿಕದಲ್ಲಿ 1984ರಿಂದ ಇತ್ತು. ಥಟ್ಟನೆ ತಿರುಗಿಸಿದರೆ ಗಾಡಿ ಹಿಡಿತ ತಪ್ಪಬಹುದು, ಪಲ್ಟಿಯಾಗಬಹುದು ಎಂಬುದು ಅದರ ಸಾರ. ಮೇಲಿನ ಮೂರೂ ಗಾಡಿಗಳ ಅಳತೆಯನ್ನು ಮತ್ತೊಮ್ಮೆ ನೋಡಿ. ಮೂರೂ ಆ ನಿಯಮದೊಳಗೇ ಬರುತ್ತವೆ.

ನಮ್ಮ ಮನೆ, ಅದೇ ವರ್ಷಗಳು

ಈಗ ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಹೊರಗೆ ನಿಲ್ಲೋಣ. ಆಗ ಅಲ್ಲಿ ಕಾಣುತ್ತಿದ್ದದ್ದು ಹಳೆಯ ಸಿಜೆ ಜೀಪುಗಳು, ಪ್ಯೂಜೋ ಪರವಾನಗಿಯ ಸುಮಾರು 2.1 ಲೀಟರ್ ಡೀಸೆಲ್ ಎಂಜಿನ್ ಹೊತ್ತ ಎಂಎಂ 540, ಹೆಚ್ಚು ಜನರಿಗೆಂದು ಉದ್ದ ಮಾಡಿದ ಕಮಾಂಡರ್, ಜೀಪ್ ವಂಶದವನಲ್ಲದಿದ್ದರೂ ಅದೇ ಕೆಲಸಕ್ಕೆ ಬಂದ ಬಜಾಜ್ ಟೆಂಪೋ ಕಂಪನಿಯ ಟ್ರ್ಯಾಕ್ಸ್. 1993ರಲ್ಲಿ ಬಾಗಿಲು-ಕಿಟಕಿಗಳ ಗಟ್ಟಿ ಮೈಯ ಆರ್ಮಡ ಬಂತು. 1994ರಲ್ಲಿ ಟಾಟಾ ಸುಮೊ ಬಂತು.

ಇಲ್ಲಿ ವಿನ್ಯಾಸಕಾರರ ಮುಂದಿದ್ದ ಪ್ರಶ್ನೆಯೇ ಬೇರೆ. ಅಮೆರಿಕದಲ್ಲಿ ಕೇಳಿದ್ದು ‘ಇನ್ನಷ್ಟು ವೇಗವಾಗಿ, ಇನ್ನಷ್ಟು ಸುಖವಾಗಿ’. ಇಲ್ಲಿ ಕೇಳಿದ್ದು ‘ಇನ್ನಷ್ಟು ಜನ, ಇನ್ನಷ್ಟು ಕಡಿಮೆ ಎಣ್ಣೆ’. ಎರಡನೆಯದಕ್ಕೆ ನಮ್ಮವರು ಕೊಟ್ಟ ಉತ್ತರ ಡೀಸೆಲ್ ಎಂಜಿನ್. ಸುಮಾರು 60 ಅಶ್ವಶಕ್ತಿ. ಚೆರೋಕಿಯ ಮೂರನೆಯ ಒಂದು ಪಾಲು. ಆದರೆ ಟ್ರ್ಯಾಕ್ಟರ್ ರಿಪೇರಿ ಮಾಡುವ ಯಾವ ಮೇಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲ ಯಂತ್ರ. ಮೊದಲನೆಯದಕ್ಕೆ ಕೊಟ್ಟ ಉತ್ತರ ಉದ್ದ. ಅಜ್ಜನ 80 ಇಂಚು ಎಂಎಂ 540ರಲ್ಲಿ 91 ಇಂಚಾಯಿತು, ಜನ ಒಯ್ಯುವ ಮಾದರಿಗಳಲ್ಲಿ ಅದಕ್ಕೂ ಹೆಚ್ಚಾಯಿತು. ಹಿಂದಿನ ಅಚ್ಚಿನ ಆಚೆಗೂ ಮೈ ಚಾಚಿತು. ಉದ್ದ ಬೆಳೆದ ಪ್ರಮಾಣದಲ್ಲಿ ಅಗಲ ಬೆಳೆಯಲಿಲ್ಲ. ನೆಲದಿಂದ ಸೀಟಿನ ಎತ್ತರವೂ ತಗ್ಗಲಿಲ್ಲ.

ನನ್ನ ಮುಖ್ಯ ತಕರಾರು ಇಲ್ಲಿಯೇ ಇದೆ. ಅದನ್ನು ಸಾಬೀತು ಮಾಡಲು ಪಿ.ಯು.ಸಿ. ಭೌತವಿಜ್ಞಾನ ಸಾಕು.

ಒಂದು ಭಾಗಾಕಾರ

ತಿರುವಿನಲ್ಲಿ ಹೋಗುವ ಗಾಡಿಯನ್ನು ಹಿಂದಿನಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಎಡ-ಬಲ ಗಾಲಿಗಳ ನಡುವಿನ ಅಗಲವನ್ನು ‘ಅ’ ಎನ್ನೋಣ. ನೆಲದಿಂದ ಗುರುತ್ವ ಕೇಂದ್ರದ ಎತ್ತರವನ್ನು ‘ಎ’ ಎನ್ನೋಣ. ಗಾಡಿಯಲ್ಲಿ ಕುಳಿತವರ ದೃಷ್ಟಿಯಿಂದ, ತಿರುವಿನ ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲ ಗುರುತ್ವ ಕೇಂದ್ರದಲ್ಲಿ ವರ್ತಿಸುತ್ತದೆ. ಹೊರಗಿನ ಗಾಲಿಯನ್ನು ಕೀಲು ಮಾಡಿಕೊಂಡು ಅದು ಗಾಡಿಯನ್ನು ಕೆಡವಲು ನೋಡುತ್ತದೆ. ಅದರ ತೋಳಿನ ಉದ್ದ ‘ಎ’. ಗಾಡಿಯ ತೂಕ ಅದನ್ನು ತಡೆಯುತ್ತದೆ. ಅದರ ತೋಳಿನ ಉದ್ದ ‘ಅ’ದ ಅರ್ಧ. ಎರಡೂ ತಿರುಗಿಸುವ ಪರಿಣಾಮಗಳು ಸಮವಾದ ಕ್ಷಣವೇ ಒಳಗಿನ ಗಾಲಿ ನೆಲ ಬಿಡುವ ಕ್ಷಣ. ಸಮೀಕರಣ ಬರೆದರೆ ಎರಡೂ ಕಡೆಯ ದ್ರವ್ಯರಾಶಿ ಹೊಡೆದುಹೋಗಿ ಇಷ್ಟು ಉಳಿಯುತ್ತದೆ:

ವೇಗದ ವರ್ಗ ÷ (ತಿರುವಿನ ತ್ರಿಜ್ಯ × ಗುರುತ್ವ ವೇಗೋತ್ಕರ್ಷ) = ಅ ÷ 2ಎ

ಬಲಗಡೆಯ ‘ಅ ÷ 2ಎ’ಯನ್ನು ನಾವು ಗಾಡಿಯ ಸ್ಥಿರತಾಂಕ ಎಂದು ಕರೆಯೋಣ. ಇದು ಹೆಚ್ಚಿದ್ದಷ್ಟೂ ಗಾಡಿ ಸ್ಥಿರ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2001ರಿಂದ ಇದೇ ಸಂಖ್ಯೆಯನ್ನು ಆಧರಿಸಿ ಗಾಡಿಗಳಿಗೆ ಪಲ್ಟಿಯ ಬಗ್ಗೆ ನಕ್ಷತ್ರ ಕೊಡತೊಡಗಿತು. ಆಗಿನ ಕ್ರಮದಲ್ಲಿ 1.45 ಅಥವಾ ಹೆಚ್ಚಿದ್ದರೆ ಐದು ನಕ್ಷತ್ರ, 1.03 ಅಥವಾ ಕಡಿಮೆ ಇದ್ದರೆ ಒಂದೇ ನಕ್ಷತ್ರ. ಸಾಮಾನ್ಯ ಕಾರುಗಳದು 1.3ರಿಂದ 1.5, ಜೀಪಿನಂತಹ ಎತ್ತರದ ಗಾಡಿಗಳದು 1.0ರಿಂದ 1.3.

ಈ ಸೂತ್ರದಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. ಉದ್ದ ಇಲ್ಲ! ಅಚ್ಚುಗಳ ಅಂತರವನ್ನು 80ರಿಂದ 91ಕ್ಕೆ, 110ಕ್ಕೆ ಏರಿಸಿದರೂ ಅಡ್ಡಕ್ಕೆ ಬೀಳುವ ವಿಷಯದಲ್ಲಿ ಈ ಲೆಕ್ಕಕ್ಕೆ ಏನೂ ಆಗದು. ಉದ್ದದಿಂದ ಗಾಡಿ ಹಿಂದೆ-ಮುಂದೆ ತೂಗಾಡುವುದು ಕಡಿಮೆಯಾಗುತ್ತದೆ, ಅಷ್ಟೆ. ಆದರೆ ಉದ್ದವಾದ ಗಾಡಿಯಲ್ಲಿ ಹೆಚ್ಚು ಜನ ಕೂರುತ್ತಾರೆ. ಅವರು ಗಾಡಿಯ ಗುರುತ್ವ ಕೇಂದ್ರಕ್ಕಿಂತ ಮೇಲೆ ಕೂರುತ್ತಾರೆ. ‘ಎ’ ಏರುತ್ತದೆ. ಉದ್ದ ನೇರವಾಗಿ ಹಾನಿ ಮಾಡುವುದಿಲ್ಲ, ಜನರನ್ನು ಕರೆದುಕೊಂಡು ಬಂದು ಹಾನಿ ಮಾಡುತ್ತದೆ.

ತುಂಬಿದ ಗಾಡಿ ಗಟ್ಟಿ ಹಿಡಿಯುತ್ತದೆಯೇ?

ಈಗ ಚಾಲಕನ ಮಾತಿಗೆ ಬರೋಣ. ಯಾವುದೇ ಒಂದು ಕಂಪನಿಯ ಗಾಡಿ ಎಂದು ತಿಳಿಯದೆ, ಲೆಕ್ಕಕ್ಕಾಗಿ ಒಂದು ಜೀಪನ್ನು ಕಲ್ಪಿಸಿಕೊಳ್ಳಿ. ಖಾಲಿ ದ್ರವ್ಯರಾಶಿ 1,300 ಕಿ.ಗ್ರಾಂ. ಗಾಲಿಗಳ ಅಗಲ 1.30 ಮೀ. ಗುರುತ್ವ ಕೇಂದ್ರದ ಎತ್ತರ 0.65 ಮೀ. ಸ್ಥಿರತಾಂಕ 1.30 ÷ 1.30, ಅಂದರೆ 1.00.

ಒಳಗೆ 12 ಜನ ಕುಳಿತರು. ಒಬ್ಬರಿಗೆ 60 ಕಿ.ಗ್ರಾಂ.ನಂತೆ 720 ಕಿ.ಗ್ರಾಂ. ಕುಳಿತವರ ಗುರುತ್ವ ಕೇಂದ್ರ ನೆಲದಿಂದ ಸುಮಾರು 1 ಮೀ. ಆಗ ಒಟ್ಟು ಗುರುತ್ವ ಕೇಂದ್ರದ ಎತ್ತರ (1300 × 0.65 + 720 × 1.0) ÷ 2020, ಅಂದರೆ 0.775 ಮೀ. ಸ್ಥಿರತಾಂಕ 0.84ಕ್ಕೆ ಇಳಿಯಿತು.

ಟಾಪಿನ ಮೇಲೆ ನಾಲ್ವರು ಹತ್ತಿದರು. 240 ಕಿ.ಗ್ರಾಂ., ನೆಲದಿಂದ 2.1 ಮೀ. ಎತ್ತರದಲ್ಲಿ. ಈಗ ಗುರುತ್ವ ಕೇಂದ್ರ ಸುಮಾರು 0.92 ಮೀಟರಿಗೆ ಏರಿತು. ಸ್ಥಿರತಾಂಕ 0.71.

20 ಮೀಟರ್ ತ್ರಿಜ್ಯದ ಹಳ್ಳಿಯ ತಿರುವಿನಲ್ಲಿ ಇದರ ಅರ್ಥವೇನು? ಸೂತ್ರದ ಪ್ರಕಾರ ಒಳಗಾಲಿ ನೆಲ ಬಿಡುವ ವೇಗ ಖಾಲಿ ಗಾಡಿಗೆ ಗಂಟೆಗೆ ಸುಮಾರು 50 ಕಿ.ಮೀ., ಹನ್ನೆರಡು ಜನರಿಗೆ 46, ಟಾಪಿನ ಮೇಲೆ ನಾಲ್ವರಾದರೆ 42. ಇಷ್ಟನ್ನೇ ನೋಡಿದರೆ ‘ಎಂಟು ಕಿ.ಮೀ. ಕಡಿಮೆ ಮಾಡಿದರೆ ಆಯಿತಲ್ಲ’ ಎನ್ನಿಸಬಹುದು. ನಿಜವಾದ ಅಪಾಯ ಬೇರೆ ಕಡೆ ಇದೆ.

ಒಣ ಡಾಂಬರಿನ ಮೇಲೆ ರಬ್ಬರ್ ಟೈರಿನ ಘರ್ಷಣಾಂಕ ಸುಮಾರು 0.7ರಿಂದ 0.8. ತಿರುವಿನಲ್ಲಿ ಹೊರಬಲ ಹೆಚ್ಚುತ್ತ ಹೋದಾಗ ಎರಡರಲ್ಲಿ ಒಂದು ಮೊದಲು ಆಗುತ್ತದೆ: ಟೈರು ಜಾರುತ್ತದೆ ಅಥವಾ ಗಾಡಿ ಮಗುಚುತ್ತದೆ. ಸ್ಥಿರತಾಂಕ ಘರ್ಷಣಾಂಕಕ್ಕಿಂತ ದೊಡ್ಡದಿದ್ದರೆ ಮೊದಲು ಜಾರುವಿಕೆ. ಖಾಲಿ ಜೀಪಿನಲ್ಲಿ 1.00 ಮತ್ತು 0.75. ಟೈರು ಕಿರುಚುತ್ತದೆ, ಹಿಂಭಾಗ ಹೊಯ್ದಾಡುತ್ತದೆ, ಚಾಲಕ ಹೆದರಿ ಕಾಲು ತೆಗೆಯುತ್ತಾನೆ. ಟಾಪು ತುಂಬಿದ ಜೀಪಿನಲ್ಲಿ 0.71 ಮತ್ತು 0.75. ಇಲ್ಲಿ ಜಾರುವ ಮೊದಲೇ ಮಗುಚುತ್ತದೆ. ಮುನ್ಸೂಚನೆಯೇ ಇಲ್ಲ. 1992ರಲ್ಲಿ ನಮ್ಮ ಗಾಡಿಯ ಟೈರು ಏಕೆ ಕಿರುಚಲಿಲ್ಲ ಎಂಬುದಕ್ಕೆ ಉತ್ತರ ಈ ಎರಡು ಸಂಖ್ಯೆಗಳ ಅದಲುಬದಲಿನಲ್ಲಿದೆ.

ಹಾಗಾದರೆ ಚಾಲಕ ಸುಳ್ಳು ಹೇಳಿದನೇ? ಇಲ್ಲ. ಅವನ ಅನುಭವ ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಪಟ್ಟಿ ಸ್ಪ್ರಿಂಗಿನ ಮೇಲಿನ ದ್ರವ್ಯರಾಶಿ ಎರಡು ಪಟ್ಟಾದರೆ ಅದರ ಕಂಪನದ ಆವೃತ್ತಿ ಶೇಕಡ 30ರಷ್ಟು ಕಡಿಮೆಯಾಗುತ್ತದೆ. ಹಾರಾಡುತ್ತಿದ್ದ ಗಾಡಿ ಮೆತ್ತಗೆ ತೂಗುತ್ತ ಸಾಗುತ್ತದೆ. ಕುಳಿತವರಿಗೂ ಚಾಲಕನಿಗೂ ‘ಗಟ್ಟಿ ಹಿಡಿದಿದೆ’ ಎನ್ನಿಸುತ್ತದೆ. ಆದರೆ ಮೇಲಕ್ಕೆ-ಕೆಳಕ್ಕೆ ಕುಣಿಯದಿರುವುದು ಬೇರೆ, ಪಕ್ಕಕ್ಕೆ ಬೀಳದಿರುವುದು ಬೇರೆ. ಭಾರ ಹೆಚ್ಚಿದರೆ ಗಾಡಿ ಬೀಳದು ಎಂಬ ನಂಬಿಕೆಗೆ ಸೂತ್ರದಲ್ಲಿ ಜಾಗವೇ ಇಲ್ಲ; ದ್ರವ್ಯರಾಶಿ ಆಗಲೇ ಹೊಡೆದುಹೋಗಿದೆ. ಉಳಿದಿರುವುದು ಎತ್ತರ ಮಾತ್ರ. ಗಾಡಿ ಹೆಚ್ಚು ಅಪಾಯಕ್ಕೆ ಹತ್ತಿರವಾದಾಗಲೇ ಹೆಚ್ಚು ಸುರಕ್ಷಿತ ಎನ್ನಿಸುತ್ತದೆ. ಈ ಭ್ರಮೆಯನ್ನು ಅನುಭವ ಸರಿಪಡಿಸಲಾರದು, ಲೆಕ್ಕ ಮಾತ್ರ ಸರಿಪಡಿಸಬಲ್ಲದು.

ಡಾಂಬರಿನ ಅಂಚು

ಮೇಲಿನದು ಸಮತಟ್ಟಾದ ರಸ್ತೆಯ ಲೆಕ್ಕ. ನಮ್ಮ ತಾಲ್ಲೂಕುಗಳ ರಸ್ತೆ ಹಾಗಿರಲಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ಬಯಲಿನಲ್ಲಿ ಬಹುಪಾಲು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಡಾಂಬರಿನ ಪಟ್ಟಿ ಕಿರಿದು, ಅದರ ಅಂಚು ಮುರಿದು ಮಣ್ಣು ಕೆಳಗೆ. ಎದುರಿಗೆ ಕಬ್ಬಿನ ಟ್ರೇಲರ್ ಬಂದರೆ ಎಡಗಾಲಿ ಕೆಳಗಿಳಿಯಲೇಬೇಕು.

ಒಂದು ಕಡೆಯ ಗಾಲಿಗಳು 20 ಸೆಂ.ಮೀ. ಕೆಳಗಿಳಿದವು ಎನ್ನಿ. 1.30 ಮೀ. ಅಗಲಕ್ಕೆ ಇದು ಸುಮಾರು 9 ಡಿಗ್ರಿ ವಾಲಿಕೆ. 0.71 ಸ್ಥಿರತಾಂಕದ ಗಾಡಿ ನಿಂತಲ್ಲೇ ಮಗುಚಲು ಬೇಕಾದ ಕೋನ ಸುಮಾರು 35 ಡಿಗ್ರಿ. 9 ಡಿಗ್ರಿ ಆಗಲೇ ಖರ್ಚಾಯಿತು. ಉಳಿದ 26 ಚಿಲ್ಲರೆ ಡಿಗ್ರಿಗೆ ಸ್ಥಿರತಾಂಕ 0.50. ಅದೇ ಕ್ಷಣದಲ್ಲಿ ಚಾಲಕ ಸ್ಟೇರಿಂಗನ್ನು ಬಲಕ್ಕೆ ಎಳೆದರೆ ಹೊರಬಲವೂ ಎಡಕ್ಕೇ ತಳ್ಳುತ್ತದೆ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 35 ಕಿ.ಮೀ. ಸಾಕು. ಹಸಿ ಮಣ್ಣಿನಲ್ಲಿ ಗಾಲಿ ಹೂತರೆ ಜಾರುವ ದಾರಿಯೂ ಮುಚ್ಚುತ್ತದೆ. ಹೂತ ಗಾಲಿಯೇ ಕೀಲಾಗುತ್ತದೆ.

ಇನ್ನೊಂದು ಮಾತು. ಈ ಲೆಕ್ಕದಲ್ಲಿ ಸ್ಪ್ರಿಂಗು-ಟೈರುಗಳು ಒಂದು ಕಡೆ ಕುಗ್ಗುವುದನ್ನು, ಜನ ಒಟ್ಟಿಗೆ ಒಂದು ಕಡೆಗೆ ವಾಲುವುದನ್ನು ಸೇರಿಸಿಲ್ಲ. ಸೇರಿಸಿದರೆ ಎಲ್ಲ ಸಂಖ್ಯೆಗಳೂ ಇನ್ನಷ್ಟು ಇಳಿಯುತ್ತವೆ.

ತೀರ್ಪು

ಹಾಗಾದರೆ ಜೀಪು ಕೆಟ್ಟ ಗಾಡಿಯೇ? ಹಾಗೆ ಹೇಳಿದರೆ ನಾನು ಕೃತಘ್ನನಾಗುತ್ತೇನೆ. ಮಳೆಗಾಲದ ರಾತ್ರಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಕೆಸರಿನಲ್ಲಿ ಊರಿನಿಂದ ಹೊರಗೆ ತಂದದ್ದು ಜೀಪು. ನಿಪ್ಪಾಣಿಯ ತಂಬಾಕು ಪೇಟೆಗೂ ಅಥಣಿಯ ಸಂತೆಗೂ ಬಡವರನ್ನು ಮುಟ್ಟಿಸಿದ್ದು ವಡಾಪು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಒಳಹಳ್ಳಿಗಳಿಗೆ ದಿನಕ್ಕೆ ಒಂದೆರಡು ಬಸ್ಸು ಬಂದರೆ ಅದೇ ಹೆಚ್ಚು. ಹದಿನಾರು ಜನರನ್ನು ತುಂಬಿ ಎಂದು ಯಾವ ಕಂಪನಿಯೂ ಹೇಳಿರಲಿಲ್ಲ, ಯಾವ ಪರವಾನಗಿಯೂ ಒಪ್ಪಿರಲಿಲ್ಲ. ತಪ್ಪನ್ನು ವಿನ್ಯಾಸದ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಆದರೂ ವಿಮರ್ಶಕನಾಗಿ ಎರಡು ಮಾತು ಹೇಳಲೇಬೇಕು.

ಮೊದಲನೆಯದು ವಿನ್ಯಾಸದ ಬಗ್ಗೆ. ನಾಲ್ಕು ಗಾಲಿಗೂ ಬಲ ಒಯ್ಯಬೇಕಾದ್ದರಿಂದ ಅಜ್ಜನಿಗೆ ಎತ್ತರ ಬೇಕಿತ್ತು. ವಡಾಪುಗಳಲ್ಲಿ ಬಹುಪಾಲು ಹಿಂದಿನ ಎರಡೇ ಗಾಲಿಗೆ ಬಲವಿದ್ದ ಗಾಡಿಗಳು. ಕಾರಣ ಹೋಯಿತು, ಎತ್ತರ ಉಳಿಯಿತು. ಹೊಲದ ಗಾಡಿಯನ್ನು ಬಸ್ಸು ಮಾಡುವಾಗ ಮೊದಲು ತಗ್ಗಿಸಬೇಕಿತ್ತು, ಅಗಲಿಸಬೇಕಿತ್ತು, ಆಮೇಲೆ ಉದ್ದ ಮಾಡಬೇಕಿತ್ತು. ಅಮೆರಿಕದ ಮನೆಯೂ ಈ ಪಾಠವನ್ನು ತಾನಾಗಿ ಕಲಿಯಲಿಲ್ಲ. ಜನ ಕೇಳಿದ ಮೇಲೆ, ಟಿ.ವಿ. ತೋರಿಸಿದ ಮೇಲೆ, ಚೀಟಿ ಅಂಟಿಸಬೇಕಾದ ಮೇಲೆ ಕಲಿಯಿತು. ನಮ್ಮಲ್ಲಿ ಕೇಳುವವರೇ ಇರಲಿಲ್ಲ. ನಮ್ಮ ಜೀಪುಗಳ ಮುಂದಿನ ಗಾಜಿನ ಮೇಲೆ ‘ಮಾಯಕ್ಕಾ ಪ್ರಸನ್ನ’ ಎಂದಿತ್ತು. ಎಚ್ಚರಿಕೆಯ ಚೀಟಿ ನಾನು ನೋಡಲಿಲ್ಲ. ಇಷ್ಟು ವರ್ಷ ನಮ್ಮನ್ನು ಕಾಪಾಡಿದ್ದು ಆ 60 ಅಶ್ವಶಕ್ತಿಯ ಮಂದ ಎಂಜಿನ್ನು ಮತ್ತು ಹೊಂಡ ಬಿದ್ದ ರಸ್ತೆ ಎಂದು ನನಗನ್ನಿಸುತ್ತದೆ. ಸೂತ್ರದಲ್ಲಿರುವುದು ವೇಗದ ವರ್ಗ. ರಸ್ತೆ ಚೆನ್ನಾಗಿ, ಎಂಜಿನ್ನು ಬಲವಾದಂತೆ ಆ ಆಕಸ್ಮಿಕ ರಕ್ಷಣೆ ಹೋಯಿತು. ನಿಪ್ಪಾಣಿ ಬಳಿಯ ತವಂದಿ ಘಾಟದಲ್ಲಿ ಹೆದ್ದಾರಿಯನ್ನು ಇಳಿಯುವವರಿಗೆ ಇದು ಗೊತ್ತಿರಬೇಕು.

ಎರಡನೆಯದು ಮಾಹಿತಿಯ ಬಗ್ಗೆ. ಗಾಡಿಯ ಜಾಹೀರಾತು ಹಾಳೆಯಲ್ಲಿ ಸೀಟೆಷ್ಟು, ಮೈಲೇಜೆಷ್ಟು, ಉದ್ದ-ಅಗಲ-ಎತ್ತರ ಎಷ್ಟು ಎಲ್ಲವೂ ಇರುತ್ತದೆ. ಗುರುತ್ವ ಕೇಂದ್ರದ ಎತ್ತರ ಸಾಮಾನ್ಯವಾಗಿ ಇರುವುದಿಲ್ಲ. ಜೀವ ಉಳಿಸುವ ಭಾಗಾಕಾರದ ಒಂದು ಸಂಖ್ಯೆ ಕೊಳ್ಳುವವನಿಗೆ ಸಿಗುವುದೇ ಇಲ್ಲ. 2018ರಲ್ಲಿ ಜೀಪ್ ವಂಶದ ಎರಡು ಮನೆಗಳು ಅಮೆರಿಕದ ವ್ಯಾಪಾರ ಆಯೋಗದ ಮುಂದೆ ಜಗಳಕ್ಕೆ ನಿಂತವು. ಮಹೀಂದ್ರದ ರಾಕ್ಸರ್ ಎಂಬ ಗಾಡಿ ಜೀಪಿನ ರೂಪವನ್ನು ನಕಲು ಮಾಡಿದೆಯೇ ಎಂಬುದು ವಿವಾದ. ವರ್ಷಗಟ್ಟಲೆ ನಡೆದ ವಾದ ಗಾಡಿಯ ಮುಖದ ಬಗ್ಗೆ! ಅಜ್ಜನಿಂದ ಇಬ್ಬರಿಗೂ ಬಂದ ‘ಅ ÷ 2ಎ’ ಎಂಬ ಆಸ್ತಿಯ ಬಗ್ಗೆ ಯಾರೂ ಜಗಳವಾಡಲಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕ ಮಿತ್ರರೇ, ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಹಲಗೆ, ಒಂದು ಕೋನಮಾಪಕ, ಕೆಲವು ಬೆಂಕಿಪೊಟ್ಟಣ, ನಾಲ್ಕಾರು ನಾಣ್ಯ ಸಾಕು.

ಬೆಂಕಿಪೊಟ್ಟಣವನ್ನು ಗೀರುವ ಬದಿ ಕೆಳಗಾಗುವಂತೆ ಹಲಗೆಯ ಮೇಲೆ ನಿಲ್ಲಿಸಿ. ಜಾರದಂತೆ ತಗ್ಗಿನ ಕಡೆ ಒಂದು ತೆಳುವಾದ ಕಡ್ಡಿ ಅಂಟಿಸಿ. ಹಲಗೆಯ ಒಂದು ಅಂಚನ್ನು ನಿಧಾನವಾಗಿ ಎತ್ತಿ, ಪೊಟ್ಟಣ ಮಗುಚುವ ಕೋನವನ್ನು ಬರೆದುಕೊಳ್ಳಿ. ಆ ಕೋನದ ಟ್ಯಾಂಜೆಂಟ್ ಬೆಲೆಯೇ ಪೊಟ್ಟಣದ ಸ್ಥಿರತಾಂಕ. ಅಳತೆಪಟ್ಟಿಯಿಂದ ಅಗಲ, ಎತ್ತರ ಅಳೆದು ತಾಳೆ ನೋಡಿ.

ಈಗ ಎರಡು ಪೊಟ್ಟಣಗಳನ್ನು ಉದ್ದಕ್ಕೆ ಸೇರಿಸಿ ಅಂಟಿಸಿ. ಮತ್ತೆ ಎತ್ತಿ. ಕೋನ ಬದಲಾಗದು. ಇದು ಕಮಾಂಡರ್ ಪಾಠ. ಅನಂತರ ಮೇಲೆ ನಾಣ್ಯಗಳನ್ನು ಅಂಟಿಸಿ. ಕೋನ ಇಳಿಯುತ್ತದೆ. ಇದು ಜಾತ್ರೆಯ ಪಾಠ. ಕೊನೆಗೆ ಅದೇ ನಾಣ್ಯಗಳನ್ನು ಒಳಗೆ, ತಳಕ್ಕೆ ಅಂಟಿಸಿ. ಕೋನ ಏರುತ್ತದೆ. ಭಾರ ಅಷ್ಟೇ, ಜಾಗ ಬೇರೆ.

ಮುಂದಿನ ವಾರ ಮಕ್ಕಳಿಗೆ ಟೇಪು ಕೊಟ್ಟು ಊರಿನ ಗಾಡಿಗಳ ಗಾಲಿಯಗಲವನ್ನು ಅಳೆಯಲು ಹೇಳಿ. ಟಂಟಂ ರಿಕ್ಷಾವನ್ನೂ ಬಿಡಬೇಡಿ. ಮೂರು ಗಾಲಿಯ ಗಾಡಿ ಮಗುಚುವ ಗೆರೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಓರೆಯಾಗಿರುತ್ತದೆ. ಗುರುತ್ವ ಕೇಂದ್ರದಿಂದ ಆ ಗೆರೆಗೆ ಇರುವ ದೂರ ‘ಅ’ದ ಅರ್ಧಕ್ಕಿಂತಲೂ ಕಡಿಮೆ. ಎಷ್ಟು ಕಡಿಮೆ ಎಂಬುದನ್ನು ಅವರೇ ನೆಲದ ಮೇಲೆ ಚಾಕ್‌ನಲ್ಲಿ ಬರೆದು ಕಂಡುಹಿಡಿಯಲಿ.

1992ರಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಈ ಸೂತ್ರವಿತ್ತು, ಅದೇ ಪುಸ್ತಕ ಆ ಜೀಪಿನೊಳಗೂ ಇತ್ತು. ಎರಡನ್ನೂ ಸೇರಿಸಿ ನೋಡಲು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ತರಗತಿಯ ಒಬ್ಬ ವಿದ್ಯಾರ್ಥಿ ಟಾಪಿಗೆ ಹತ್ತಲು ಕಾಲಿಟ್ಟಾಗ ಬೆಂಕಿಪೊಟ್ಟಣದ ನೆನಪಾಗಿ ಕೆಳಗಿಳಿದರೆ, ಆ ಪಾಠ ಪರೀಕ್ಷೆಯಲ್ಲಿ ಬಂದರೂ ಬಾರದಿದ್ದರೂ ಚಿಂತೆಯಿಲ್ಲ.